ಕುಲಾವಿ ಇಡಬೇಕಿದ್ದ ಮೂಲೆ ಸ್ಟ್ಯಾಂಡು

ನಾನೊಂದು ಮೂಲೆ ಸ್ಟ್ಯಾಂಡು. ಎರಡು ಗೋಡೆ ಕೂಡುವ ಕಡೆ ಬೆನ್ನು ಕೊಟ್ಟು ನಿಲ್ಲಲೆಂದೇ ನನ್ನನ್ನು ಮಾಡಿದರು. ಮೂರು ಮುಮ್ಮೂಲೆಯ ಹಲಗೆಗಳು, ಅವನ್ನು ಹಿಡಿದಿಟ್ಟ ಎರಡು ಬೆನ್ನುಪಟ್ಟಿಗಳು, ಪಟ್ಟಿಗೊಂದರಂತೆ ಎರಡು ಕಬ್ಬಿಣದ ಕೊಂಡಿಗಳು. ಇಷ್ಟೇ ನನ್ನ ಮೈ. ನಾನು ಗೋಡೆ ಹತ್ತಿದ್ದು ನಿಜ, ಬಹಳ ವರ್ಷ ನಿಂತದ್ದೂ ನಿಜ. ಆದರೆ ಯಾವ ಗೋಡೆಗೆಂದು ನನ್ನನ್ನು ಮಾಡಿದ್ದರೋ ಆ ಗೋಡೆಯ ಮೇಲೆ ಒಂದು ದಿನವೂ ನಿಲ್ಲಲಿಲ್ಲ. ಆ ಕಥೆಯನ್ನೇ ಹೇಳಹೊರಟಿದ್ದೇನೆ. ಸುಖದ ಕಥೆ ಬೇಕಾದವರು ಯಾವುದಾದರೂ ತೊಟ್ಟಿಲನ್ನು ಕೇಳಿಕೊಳ್ಳಬೇಕು.

ನನ್ನ ಮರ ತೇಗ. ಹಿಂದಿನ ಜನ್ಮದಲ್ಲಿ ನಾನು ಬೆಟಗೇರಿಯ ಯಾರದೋ ಮನೆಯ ಬಾಗಿಲಾಗಿದ್ದೆನಂತೆ. ಬಾಗಿಲು ಮುರಿದು ಗುಜರಿ ಸೇರಿತ್ತು. ಅಲ್ಲಿಂದ ಒಂದು ಹಲಗೆಯನ್ನು ಆರಿಸಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದವನು ಫಕೀರೇಶ. ಅವನು ಬಡಿಗನಲ್ಲ. ಗದಗಿನ ಪೇಟೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ ಅವನದು. ದೇವರು, ಮದುವೆಯ ಜೋಡಿ, ತೀರಿಹೋದ ಹಿರಿಯರು, ಎಲ್ಲರಿಗೂ ನಾಲ್ಕು ಮೂಲೆ ಕೂಡಿಸಿ ಗಾಜು ಹಾಕಿಕೊಡುತ್ತಿದ್ದ. ಮೂಲೆ ಕೂಡಿಸುವುದರಲ್ಲಿ ಅವನ ಕೈ ಸುಳ್ಳಾಡುತ್ತಿರಲಿಲ್ಲ. ಆದರೆ ಭಾರ ಹೊರುವ ವಸ್ತು ಮಾಡಿ ಗೊತ್ತಿರಲಿಲ್ಲ. ಅದಕ್ಕೇ ನನ್ನನ್ನೂ ಒಂದು ದೊಡ್ಡ ಫೋಟೊದಂತೆಯೇ ಮಾಡಿದ. ಅಂಚಿಗೆ ದೇವರ ಪಟಗಳಿಗೆ ಹಾಕುವ ಬಂಗಾರ ಬಣ್ಣದ ಪಟ್ಟಿ ಹೊಡೆದ, ಬೆನ್ನಿಗೆ ಪಟಗಳ ಕೊಂಡಿಯನ್ನೇ ಹಾಕಿದ. ನೋಡಿದವರು ನಗುತ್ತಿದ್ದರು. ನನಗೆ ಮಾತ್ರ ಆ ಬಂಗಾರದ ಅಂಚಿನ ಮೇಲೆ ಬಹಳ ಹೆಮ್ಮೆ ಇತ್ತು.

ಇಷ್ಟೆಲ್ಲ ಸಡಗರ ಯಾಕೆಂದರೆ, ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವನ ಹೆಂಡತಿ ಅನಸವ್ವ ಬಸಿರಾಗಿದ್ದಳು. ಅವಳಿಗೆ ತವರಲ್ಲಿ ತಂದೆತಾಯಿ ಇರಲಿಲ್ಲ, ಒಬ್ಬ ಅಣ್ಣ ಮಾತ್ರ. ಹಾಗಾಗಿ ಹೆರಿಗೆ ಗಂಡನ ಮನೆಯಲ್ಲೇ ಎಂದು ಆಗಿತ್ತು. ಫಕೀರೇಶ ನನ್ನನ್ನು ಮನೆಗೆ ತಂದು ಅವಳ ಮುಂದೆ ಇಳಿಸಿ, ಹಲಗೆಗಳ ಮೇಲೆ ಬೆರಳಿಟ್ಟು ತೋರಿಸಿದ.

"ಮ್ಯಾಲಿನ ಹಲಗೀ ಮ್ಯಾಲ ಕುಲಾವಿ, ಕುಂಚಿಗಿ. ನಡುವಿಂದರ ಮ್ಯಾಲ ಹರಳೆಣ್ಣಿ, ಬಜಿ, ಕಾಡಿಗಿ ಡಬ್ಬಿ. ತೆಳಗ ಗಿಲಕಿ."

ಅವನ ತಾಯಿ ಬಾಳವ್ವ ಒಲೆಯ ಮುಂದಿನಿಂದಲೇ ನಕ್ಕಳು. "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸಿದ್ರಂತ! ನೀ ಅಂತೂ ಕುಲಾವಿ ಇಡೂ ಹಲಗೀನೂ ಮಾಡಿದಿ. ಭಾಳ ಶಾಣ್ಯಾ ಅದೀ ಬಿಡಪಾ."

ಎಲ್ಲರೂ ನಕ್ಕರು. ಫಕೀರೇಶ ಸುತ್ತಿಗೆ ಕೈಗೆತ್ತಿಕೊಂಡ. ಬಾಳವ್ವನ ನಗು ಅಲ್ಲಿಗೇ ನಿಂತಿತು.

"ಸುತ್ತಿಗಿ ಇಡು ತೆಳಗ. ಬಸುರಿ ಇರೋ ಮನ್ಯಾಗ ಗ್ವಾಡಿಗೆ ಮೊಳಿ ಬಡಿಬಾರ್ದು. ಹೆರಿಗಿ ಆಗ್ಲಿ, ಆಮ್ಯಾಲ ಬೇಕಾದಷ್ಟು ಬಡಿ."

ಇದು ಅವರ ಕಡೆಯ ಹಳೆಯ ಕಟ್ಟಳೆ. ಬಸುರಿ ಇರುವ ಮನೆಯ ಗೋಡೆಗೆ ಪೆಟ್ಟು ಬಿದ್ದರೆ ಒಳಗಿನ ಕೂಸಿಗೆ ತಾಗುತ್ತದೆ ಎನ್ನುತ್ತಾರೆ. ಗಂಡ ಸತ್ತ ಮೇಲೆ ಒಬ್ಬಳೇ ಮಗನನ್ನು ಬೆಳೆಸಿದ ಬಾಳವ್ವ ಇಂಥ ಕಟ್ಟಳೆಗಳನ್ನು ಹಿಡಿದೇ ಬದುಕಿದವಳು. ಕೆಟ್ಟವಳಲ್ಲ. ಸೊಸೆಗೆ ಬಿಸಿನೀರು ಕಾಯಿಸಿ ತಾನೇ ಬೆನ್ನುಜ್ಜುತ್ತಿದ್ದಳು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ.

ಫಕೀರೇಶನಿಗೆ ಸೈರಣೆ ಎಂಬುದು ಇರಲಿಲ್ಲ. ಮೊಳೆ ಇಲ್ಲದೆ ನನ್ನನ್ನು ನಿಲ್ಲಿಸುವ ದಾರಿ ಹುಡುಕತೊಡಗಿದ. ಮೊದಲು ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕೂರಿಸಿದ. ಕೂಸು ತೆವಳತೊಡಗಿದರೆ ಮೈಮೇಲೆ ಎಳೆದುಕೊಳ್ಳುತ್ತದೆ ಎಂದು ಅನಸವ್ವ ಬೇಡವೆಂದಳು. ಆಮೇಲೆ ಮಾಳಿಗೆಯ ತೊಲೆಗೆ ಹಗ್ಗ ಹಾಕಿ ತೂಗುಬಿಟ್ಟ. ಗಾಳಿ ಬಂದಾಗ ನಾನು ಅತ್ತಿತ್ತ ಆಡುತ್ತಿದ್ದೆ. ಬಾಳವ್ವ ನೋಡಿ ಹೌಹಾರಿದಳು. "ಖಾಲಿ ತೊಟ್ಲಾ ತೂಗಬಾರ್ದು ಅನ್ನೂದು ಗೊತ್ತಿಲ್ಲೇನು? ಖಾಲಿ ಹಲಗೀನೂ ಅಷ್ಟ. ಇಳಸು." ಇಳಿಸಿದ. ಮೂರನೆಯ ಸಲ, ನೆಲದಿಂದ ತೊಲೆಯವರೆಗೆ ಒಂದು ಬಿದಿರ ಗಳವನ್ನು ಬಿಗಿಯಾಗಿ ಸಿಕ್ಕಿಸಿ ಅದಕ್ಕೆ ನನ್ನನ್ನು ಕಟ್ಟಿದ. ಅನಸವ್ವ ಬಾಗಿಲು ಜಗ್ಗಿ ಹಾಕಿದ ರಭಸಕ್ಕೆ ಗಳ ಜಾರಿ, ನಾನು ಗಳದ ಸಮೇತ ಅವನ ಹೆಗಲ ಮೇಲೆಯೇ ಬಿದ್ದೆ. ಅನಸವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನಗುವನ್ನು ನಾನು ಮತ್ತೆ ಕೇಳಲಿಲ್ಲ.

ಕಡೆಗೆ ನನ್ನನ್ನು ಆ ಮೂಲೆಯ ನೆಲದ ಮೇಲೇ ಬಿಟ್ಟರು. ಮೂಲೆಗೆ ಅಡ್ಡವಾಗಿ ಬಟ್ಟೆ ಹಾಕುವ ಹಗ್ಗವೊಂದಿತ್ತು. ಸೀರೆ, ಧೋತರ, ಅಂಗಿ ಎಲ್ಲ ನನ್ನ ತಲೆಯ ಮೇಲೆ ಜೋತಾಡುತ್ತಿದ್ದವು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅನಸವ್ವ ಚಾಪೆ ಹಾಸಿಕೊಂಡು ನನ್ನ ಅಂಚಿಗೆ ಬೆನ್ನು ಆನಿಸಿ ಕೂರುತ್ತಿದ್ದಳು. ಕೂಸು ಒದ್ದಾಗ ಅವಳ ಬೆನ್ನು ಸಣ್ಣಗೆ ನಡುಗುತ್ತಿತ್ತು, ಅದು ನನಗೂ ಗೊತ್ತಾಗುತ್ತಿತ್ತು. ಗೋಡೆ ಸಿಗದಿದ್ದರೇನು, ಕೂಸಿನ ಮೊದಲ ಆಟ ನನಗೇ ಸಿಕ್ಕಿತಲ್ಲ ಎಂದು ಬೀಗುತ್ತಿದ್ದೆ.

ಒಂದು ಅಮಾವಾಸ್ಯೆಯ ದಿನ ಅವಳು ಹಾಗೆಯೇ ಬಂದು ಕೂತಳು. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕಾದಳು. ಅವಳ ಉಸಿರಾಟ ಬಿಟ್ಟು ಬೇರೇನೂ ನನಗೆ ತಿಳಿಯಲಿಲ್ಲ.

"ಅತ್ತಿ, ಮುಂಜಾನಿಂದ ಕೂಸು ಅಲಗಾಡವಲ್ದು."

"ತುಂಬಿದ ತಿಂಗಳಾಗ ಹಂಗ," ಎಂದಳು ಬಾಳವ್ವ. "ಒಳಗ ಜಾಗಾ ಸಾಲೂದಿಲ್ಲ, ಸುಮ್ಮನ ಮಲಗಿರತೈತಿ."

ಇನ್ನಷ್ಟು ಹೊತ್ತು ಕಳೆಯಿತು. "ಒಮ್ಮಿ ದವಾಖಾನಿಗೆ ಹೋಗಿ ಬರೂಣೇನ್ರಿ ಅತ್ತಿ?"

"ಇವತ್ತ ಅಮಾಸಿ ಐತಿ ಯವ್ವಾ. ಬಸುರಿ ಹೆಂಗಸು ಹೊಸ್ತಲಾ ದಾಟೂ ದಿನ ಅಲ್ಲ ಇದು. ನಾಳೆ ಎದ್ದ ಕೂಡ್ಲೆ ಹೋಗೂಣು. ಅವಗ ಹೇಳಬ್ಯಾಡ ಮತ್ತ, ಸುಮ್ಮನ ಗಾಬರಿ ಆಗ್ತಾನ. ಗಂಡಸರಿಗೆ ಹೇಳೂ ಮಾತಲ್ಲ."

ಬಾಳವ್ವನ ದನಿಯಲ್ಲಿ ದಿಗಿಲಿತ್ತು, ನಾನು ಕೇಳಿದ್ದೇನೆ. ಆದರೆ ಅಮಾವಾಸ್ಯೆಯ ದಿಗಿಲು ಅದಕ್ಕಿಂತ ದೊಡ್ಡದಾಗಿತ್ತು. ಅನಸವ್ವ ಸಂಜೆಯವರೆಗೂ ಹಾಗೇ ಕೂತಿದ್ದಳು.

ಮರುದಿನ ಬೆಳಿಗ್ಗೆ ಫಕೀರೇಶ ಅಂಗಡಿಗೆ ಹೊರಡುವಾಗ "ತಪಾಸಣಿಗೆ ಹೋಗಿ ಬರ್ತೀವಿ" ಎಂದಷ್ಟೇ ಹೇಳಿದರು. ಅವನು ಹೂಂಗುಟ್ಟಿ ಹೋದ. ಮಧ್ಯಾಹ್ನ ಉಣ್ಣಲು ಬಂದರೆ ಇವರಿನ್ನೂ ಬಂದಿರಲಿಲ್ಲ. ಅವನು ಮನೆಯನ್ನೆಲ್ಲ ಒಮ್ಮೆ ನೋಡಿದ, ನನ್ನನ್ನು ನೋಡಿದ, ಹುಡುಗರ ಹಾಗೆ ನಕ್ಕ.

"ಬಸುರಿ ಇರೋ ಮನ್ಯಾಗ ಬಡಿಬಾರ್ದು. ಖರೆ. ಆದ್ರ ಈಗ ಬಸುರಿ ಮನ್ಯಾಗ ಇಲ್ಲಲ್ಲ!"

ಕಟ್ಟಳೆಯಲ್ಲೊಂದು ಸಂದು ಸಿಕ್ಕಿತು ಅವನಿಗೆ. ಅದು ಕಲ್ಲು ಮಣ್ಣಿನ ಹಳೆಯ ಗೋಡೆ. ಅಂಥ ಗೋಡೆಗೆ ಮೊಳೆಯನ್ನು ನೇರವಾಗಿ ಹೊಡೆದರೆ ಕಲ್ಲಿಗೆ ತಾಗಿ ಮಣಿಯುತ್ತದೆ, ಇಲ್ಲವೇ ಮಣ್ಣಲ್ಲಿ ಹೊಕ್ಕು ಸಡಿಲವಾಗಿ ಉದುರುತ್ತದೆ. ಅವನು ಬೆರಳಿಂದ ಬಡಿದು ನೋಡಿ ಎರಡು ಕಲ್ಲುಗಳ ಸಂದು ಹುಡುಕಿದ. ಚಾಣದಿಂದ ತೂತು ಕೊರೆದ. ತೇಗದ ಗೂಟ ಕೆತ್ತಿ ಅದರೊಳಗೆ ಬಡಿದು, ಸುತ್ತಲೂ ಹಸಿಮಣ್ಣು ಮೆತ್ತಿ, ಗೂಟಕ್ಕೆ ಮೊಳೆ ಹೊಡೆದ. ಈ ಗೋಡೆಗೊಂದು, ಆ ಗೋಡೆಗೊಂದು. ನನ್ನನ್ನು ಎತ್ತಿ ಕೊಂಡಿ ಸಿಕ್ಕಿಸಿ ನೋಡಲಿಲ್ಲ. ಅದು ಕೂಸು ಮನೆಗೆ ಬಂದ ದಿನವೇ ಆಗಬೇಕು ಎಂದು ಅವನಾಸೆ. ಹಗ್ಗದ ಬಟ್ಟೆಗಳನ್ನು ಮೂಲೆಗೆ ಸರಿಸಿ ಮೊಳೆಗಳನ್ನು ಮರೆಮಾಡಿದ. ಕೈ ತೊಳೆದು, ನಿಂತುಕೊಂಡೇ ಎರಡು ತುತ್ತು ತಿಂದು ಅಂಗಡಿಗೆ ಹೋದ. ನನ್ನ ಮೇಲೆಲ್ಲ ಸುಣ್ಣದ ಪುಡಿ ಉದುರಿತ್ತು. ನನಗೆ ಬಹಳ ಖುಷಿಯಾಗಿತ್ತು.

ಸಂಜೆ ಬಾಳವ್ವ ಒಬ್ಬಳೇ ಬಂದಳು. ದವಾಖಾನೆಗೆ ಒಯ್ಯಲು ಹಳೆಯ ಮೆತ್ತನೆ ಸೀರೆಗಳು ಬೇಕಾಗಿದ್ದವು. ಹಗ್ಗಕ್ಕೆ ಕೈ ಹಾಕಿ ಬಟ್ಟೆ ಎಳೆದಾಗ ಮೊಳೆಗಳು ಕಂಡವು. ಅವಳು ಗೂಟದ ಸುತ್ತಲಿನ ಮಣ್ಣನ್ನು ಮುಟ್ಟಿ ನೋಡಿದಳು.

"ಇವತ್ತ ಬಡದಾನ. ಇನ್ನೂ ಹಸೀನ ಐತಿ." ತನಗೆ ತಾನೇ ಅಂದುಕೊಂಡಳು. ಆಮೇಲೆ ನನ್ನ ಪಕ್ಕದಲ್ಲೇ ಕುಸಿದು ಅತ್ತಳು. "ಎದಿಬಡಿತಾನ ಸಿಗವಲ್ದು ಅಂದ್ರಲ್ಲೋ. ಅಮಾಸಿ ಅಂತ ಕುಂದರಿಸಿದೆನಲ್ಲೋ ನನ್ನ ಕೂಸ. ನಿನ್ನೀನ ಹೋಗಿದ್ಯೋ ಏನೋ, ನಾ ಕುಂದರಿಸಿದೆ."

ಆ ಮಾತಿನಿಂದಲೇ ನನಗೆ ಗೊತ್ತಾಯಿತು. ದವಾಖಾನೆಯಲ್ಲಿ ಕೂಸಿನ ಎದೆಬಡಿತ ಸಿಕ್ಕಿರಲಿಲ್ಲ. ಫಕೀರೇಶ ಸುತ್ತಿಗೆ ಎತ್ತುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಬಾಳವ್ವ ಎದ್ದು, ಕಸಬರಿಗೆ ತಂದು ನೆಲದ ಮಣ್ಣುಪುಡಿ ಬಳಿದಳು. ಸೆರಗಿನಿಂದ ನನ್ನ ಮೇಲಿನ ಸುಣ್ಣ ಒರೆಸಿದಳು. ಬಟ್ಟೆಗಳನ್ನು ಮೊದಲಿನಂತೆ ಮೊಳೆಗಳ ಮೇಲೆ ಎಳೆದಳು. ಯಾಕೆ ಹಾಗೆ ಮಾಡಿದಳೆಂದು ನನಗೆ ಆಗ ತಿಳಿಯಲಿಲ್ಲ. ಅವಳಿಗೂ ತಿಳಿದಿತ್ತೋ ಇಲ್ಲವೋ.

ಅನಸವ್ವ ಬರಿಗೈಯಲ್ಲಿ ಮನೆಗೆ ಬಂದಳು. ಎದೆಯಲ್ಲಿ ಹಾಲು ಕಟ್ಟಿ ನರಳುತ್ತಿದ್ದಳು. ಓಣಿಯ ಹೆಂಗಸರು ಬಂದು ಕೂತರು, ಏನಾಯಿತು ಹೇಗಾಯಿತು ಎಂದು ಕೇಳಿದರು. ಫಕೀರೇಶ ಹೊರಗೆ ಕಟ್ಟೆಯ ಮೇಲಿದ್ದ. ಅನಸವ್ವ ಅಳುತ್ತಲೇ ಹೇಳಿದಳು, "ಅಮಾಸಿ ದಿನಾನ ಅಲಗಾಡಿರಲಿಲ್ಲ. ಮರುದಿನ ಹೋದ್ವಿ."

ಗಿರಿಜವ್ವ ಎಂಬ ಮಗ್ಗುಲ ಮನೆಯಾಕೆ ನಿಟ್ಟುಸಿರು ಬಿಟ್ಟಳು. "ಅವತ್ತ ಹೋಗಿದ್ರ ಉಳೀತಿತ್ತೇನೋ."

ಅನಸವ್ವ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಎಲ್ಲರೂ ನೋಡಿದರು. ಬಾಳವ್ವನ ಮುಖ ಬಿಳಿಚಿತು. ಅವಳು ಎದ್ದು ಮೂಲೆಗೆ ಬಂದು, ನನ್ನ ತಲೆಯ ಮೇಲಿನ ಬಟ್ಟೆಗಳನ್ನು ಎರಡೂ ಕೈಯಿಂದ ಸರಿಸಿದಳು.

"ಫಕೀರಾ, ಒಳಗ ಬಾ. ಈ ಮೊಳಿ ಬಡದಾಂವ ಯಾರು?"

ಅವನು ಬಾಗಿಲಲ್ಲೇ ನಿಂತ. "ನಾನ."

"ಬಡಿಬ್ಯಾಡ ಅಂದಿದ್ನಿಲ್ಲೋ? ಬಸುರಿ ಇರೋ ಮನ್ಯಾಗ!"

"ಅಲ್ಲವ್ವ, ಆಕಿ ಆವಾಗ..." ಎಂದು ಶುರುಮಾಡಿದ. ಅಷ್ಟರಲ್ಲಿ ಅನಸವ್ವನ ಕಣ್ಣು ಅವನಿಗೆ ಕಂಡಿತು. ಆ ಕಣ್ಣಿನ ಮುಂದೆ ನೆವ ಹೇಳುವುದಕ್ಕೆ ಅವನಿಗೆ ನಾಚಿಕೆಯಾಯಿತು. ಅರ್ಧ ಮಾತನ್ನು ನುಂಗಿಕೊಂಡ. ಇನ್ನು ನಾಲ್ಕು ಅಕ್ಷರ ಆಡಿದ್ದರೆ ಸಾಕಿತ್ತು, ಆಕೆ ಆವಾಗ ಮನೆಯಲ್ಲಿ ಇರಲಿಲ್ಲ ಎಂದಿದ್ದರೆ ಸಾಕಿತ್ತು. ಅನಸವ್ವನೇ ಉಳಿದ ಲೆಕ್ಕ ಹಾಕಿಕೊಳ್ಳುತ್ತಿದ್ದಳು. ಅವಳಾದರೂ "ಯಾವಾಗ ಬಡದ್ರಿ?" ಎಂದು ಕೇಳಲಿಲ್ಲ. ಕೂಸು ಅಮಾವಾಸ್ಯೆಯ ದಿನವೇ ಸುಮ್ಮನಾಗಿತ್ತೆಂದು ಅವನಿಗೆ ಗೊತ್ತಿಲ್ಲ. ಮೊಳೆ ಹೊಡೆದದ್ದು ಅದರ ಮರುದಿನವೆಂದು ಅವಳಿಗೆ ಗೊತ್ತಿಲ್ಲ. ಎರಡೂ ಗೊತ್ತಿದ್ದ ಬಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಎರಡೂ ಗೊತ್ತಿದ್ದ ನಾನು ಅವರ ಕಾಲ ಹತ್ತಿರ, ನೆಲದ ಮೇಲೆ ಕೂತಿದ್ದೆ. ನನ್ನ ಮೂರು ಹಲಗೆಗಳಲ್ಲಿ ಒಂದಾದರೂ ನಾಲಿಗೆಯಾಗಿದ್ದರೆ!

ಅನಸವ್ವ ಜಗಳವಾಡಲಿಲ್ಲ. ಎಷ್ಟೋ ದಿನ ಆ ಎರಡು ಮೊಳೆಗಳನ್ನೇ ನೋಡುತ್ತ ಮಲಗಿರುತ್ತಿದ್ದಳು. ಗಂಡ ಊಟಕ್ಕೆ ಕೂತರೆ ಬಡಿಸಿ, ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಫಕೀರೇಶ ಮೊಳೆ ಕೀಳಲು ಹೋದ ದಿನ ಒಂದೇ ಮಾತು ಆಡಿದಳು. "ಇರಲಿ ಬಿಡ್ರಿ. ಈಗ ಕಿತ್ತರ ಏನು ಬಂತು?" ಕೆಲವು ತಿಂಗಳ ಮೇಲೆ ಅಣ್ಣ ಬಂದು ಅವಳನ್ನು ಮುಂಡರಗಿಗೆ ಕರೆದುಕೊಂಡು ಹೋದ, ನಾಲ್ಕು ದಿನ ಇದ್ದು ಬರಲಿ ಎಂದು. ಅವಳು ತಿರುಗಿ ಬರಲಿಲ್ಲ. ಫಕೀರೇಶ ಕರೆಯಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂದು ತಾಯಿಗೆ ಹೇಳುತ್ತಿದ್ದ. ತಾಯಿ ತಲೆ ತಗ್ಗಿಸಿ ಕೇಳುತ್ತಿದ್ದಳು.

ಅವನು ನನ್ನನ್ನು ಒಡೆದು ಒಲೆಗೆ ಹಾಕಬಹುದಿತ್ತು. ಹಾಗೆ ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬದಲಿಗೆ ಆ ಎರಡು ಮೊಳೆ ಕಿತ್ತು, ನನ್ನ ಜೊತೆ ಅಂಗಡಿಗೆ ಒಯ್ದ. ಅಲ್ಲಿಯದು ಇಟ್ಟಿಗೆ ಸಿಮೆಂಟಿನ ಗೋಡೆ. ಗಿರಮಿಟ್ಟಿನಿಂದ ತೂತು ಕೊರೆದು, ಮರದ ಗೂಟ ಬಡಿದು, ಅವೇ ಮೊಳೆಗಳನ್ನು ಹೊಡೆದು ನನ್ನನ್ನು ತೂಗುಹಾಕಿದ. ಹೀಗೆ ನನಗೆ ಗೋಡೆ ಸಿಕ್ಕಿತು. ಕುಲಾವಿಯ ಜಾಗದಲ್ಲಿ ಕಟ್ಟಿನ ಮೂಲೆ ಅಂಟಿಸುವ ಸರಸಿನ ಡಬ್ಬಿ ಬಂತು, ಗಿಲಕಿಯ ಜಾಗದಲ್ಲಿ ಗಾಜು ಕೊಯ್ಯುವ ಕಡ್ಡಿ. ಯಾರಾದರೂ ಕೂಸಿನ ಫೋಟೊ ಕಟ್ಟು ಹಾಕಿಸಲು ತಂದರೆ ಅವನು ಬೆನ್ನು ತಿರುಗಿಸಿಯೇ ಕೆಲಸ ಮಾಡುತ್ತಿದ್ದ. ಆಗ ಅವನ ಮುಖ ನನ್ನ ಕಡೆಗಿರುತ್ತಿತ್ತು. ಆ ಮುಖವನ್ನು ನಾನು ನೋಡಬಾರದಿತ್ತು.

ಬಾಳವ್ವ ದಿನವೂ ಬುತ್ತಿ ತರುತ್ತಿದ್ದಳು. ಮಗ ಉಣ್ಣುವವರೆಗೆ ಮೊಳೆಗಳನ್ನೇ ನೋಡುತ್ತ ಕೂರುವಳು. ಅವಳು ಬರಬರುತ್ತ ಸೊರಗಿಹೋದಳು, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಒಂದು ದಿನ ಬುತ್ತಿ ಬಿಚ್ಚಿಟ್ಟು ಮಾತು ತೆಗೆದಳು.

"ಫಕೀರಾ, ಆ ಮೊಳಿ ಮಾತು..."

ನನ್ನ ಕೊಂಡಿಗಳು ಬಿಗಿದುಕೊಂಡವು. ಹೇಳು ಬಾಳವ್ವ, ಹೇಳಿಬಿಡು ಎಂದು ಮನಸ್ಸಿನಲ್ಲೇ ಕೂಗಿದೆ.

"ಬ್ಯಾಡವ್ವಾ," ಎಂದ ಅವನು ತುತ್ತು ಕೆಳಗಿಟ್ಟು. "ನಿನ್ನ ಕಾಲಿಗೆ ಬೀಳ್ತೀನಿ. ಆ ಮಾತು ಎತ್ತಬ್ಯಾಡ. ನಾ ಮಾಡಿದ್ದು ನನಗ ಗೊತ್ತೈತಿ."

ಅವಳು ಬುತ್ತಿಯ ಬಟ್ಟೆ ಮಡಚತೊಡಗಿದಳು. ಮತ್ತೆ ಆ ಧೈರ್ಯ ಅವಳಿಗೆ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು.

ವರ್ಷಗಳು ಕಳೆದ ಮೇಲೆ ಅನಸವ್ವ ಅಂಗಡಿಗೆ ಬಂದಳು. ತಲೆ ಅರ್ಧ ನರೆತಿತ್ತು. ಸೆರಗಿನ ಮರೆಯಿಂದ ಒಂದು ಫೋಟೊ ತೆಗೆದಳು. ಇವರ ಮದುವೆಯಲ್ಲಿ ತೆಗೆದ ಬಾಳವ್ವನ ಚಿತ್ರ.

"ಅತ್ತೀದು ನಿಮ್ಮ ಹಂತ್ಯಾಕ ಇರಲಿಕ್ಕಿಲ್ಲ ಅಂತ ತಂದೆ. ಬೆನ್ನು ಉಜ್ಜಿದ್ದ ಮರಿಯೂ ಹಂಗಿಲ್ಲ."

ಫಕೀರೇಶ ಸ್ಟೂಲು ಒರೆಸಿ ಕೊಟ್ಟ. ಅವಳು ಕೂತಳು. ಇಬ್ಬರ ನಡುವೆ ಗಾಜಿನ ಹಾಳೆಗಳಿದ್ದವು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಏನೋ ಕೇಳಬೇಕೆಂದು ಬಂದವಳಂತೆ ಕಂಡಳು. ಆಗ ಅವಳ ಕಣ್ಣು ಮೇಲೆ ಹೋಗಿ ನನ್ನ ಬಂಗಾರದ ಅಂಚಿನ ಮೇಲೆ ನಿಂತಿತು.

"ಇದನ್ನ ಇನ್ನೂ ಇಟ್ಕೊಂಡೀರಿ?"

"ಎಲ್ಲಿ ಒಗೀಲಿ?"

"ಮೊಳಿ ಅವ ಏನು?"

"ಹೂಂ. ಅವ."

ಅವನು ಅದನ್ನು ತನ್ನ ಶಿಕ್ಷೆಯೆಂದು ಕಣ್ಣೆದುರು ಇಟ್ಟುಕೊಂಡಿದ್ದ. ಅವಳಿಗೆ ಅದು ಹಾಗೆ ಕಾಣಲಿಲ್ಲ. ತನ್ನ ಕೂಸನ್ನು ಕೊಂದ ಮೊಳೆಗೆ ಸರಸಿನ ಡಬ್ಬಿ ತೂಗುಹಾಕಿಕೊಂಡ ಮನುಷ್ಯ ಕಂಡ. ಎದ್ದಳು, ಮೆಟ್ಟಿಲಿಳಿದು ಹೋದಳು. ಕೇಳಬೇಕೆಂದಿದ್ದ ಮಾತನ್ನು ಜೊತೆಗೇ ಒಯ್ದಳು. ನಾನು ಗೋಡೆಯ ಮೇಲೆ ಇರದಿದ್ದರೆ ಆ ದಿನ ಅವರು ಮಾತಾಡುತ್ತಿದ್ದರು. ಇದನ್ನು ನೆನೆದರೆ ನನ್ನ ಹಲಗೆಗಳು ಈಗಲೂ ಬಿರಿಯುತ್ತವೆ.

ಫಕೀರೇಶ ತಾಯಿಯ ಫೋಟೊಗೆ ಒಳ್ಳೆಯ ಕಟ್ಟು ಹಾಕಿ ನನ್ನ ಮೇಲಿನ ಹಲಗೆಯ ಮೇಲೆ ಇಟ್ಟ. ಹೀಗೆ ಕುಲಾವಿಯ ಜಾಗದಲ್ಲಿ ಬಾಳವ್ವ ಬಂದು ಕೂತಳು. ಗಾಜಿನ ಹಿಂದೆ ಬಾಯಿ ಮುಚ್ಚಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ದಿನವೂ ಮಗನಿಂದ ಊದುಬತ್ತಿ ಬೆಳಗಿಸಿಕೊಳ್ಳುತ್ತಿದ್ದಳು. ಎಲ್ಲ ಗೊತ್ತಿದ್ದ ಇಬ್ಬರೂ ಒಬ್ಬರ ಮೇಲೊಬ್ಬರು, ಏನೂ ಗೊತ್ತಿಲ್ಲದವನು ನಮ್ಮ ಮುಂದೆ ಕೈಮುಗಿದು.

ಒಂದು ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಆಮೇಲೆ ತೆರೆದವರು ಬೇರೆಯವರು. ಫಕೀರೇಶ ಮಲಗಿದಲ್ಲೇ ಹೋದನಂತೆ, ಅವರ ಮಾತಿನಿಂದ ತಿಳಿಯಿತು. ಅಂಗಡಿಯನ್ನು ಮೊಬೈಲ್ ಮಾರುವವನೊಬ್ಬ ಹಿಡಿದ. ಗೋಡೆಗೆ ಬಣ್ಣ ಹೊಡೆಸಲು ಮೊಳೆ ಕಿತ್ತ. ಹೊಸ ಬಣ್ಣ ಕೆಡುತ್ತದೆ ಎಂದು ಮತ್ತೆ ಮೊಳೆ ಹೊಡೆಯದೆ, ಎರಡೂ ಬದಿ ಅಂಟುವ ಪಟ್ಟಿಯಿಂದ ನನ್ನನ್ನು ಗೋಡೆಗೆ ಮೆತ್ತಿದ. ಸುತ್ತಿಗೆ ಬೇಡ, ಗೂಟ ಬೇಡ, ಸದ್ದೇ ಇಲ್ಲ. ಇದೊಂದು ಆ ಕಾಲದಲ್ಲಿ ಇದ್ದಿದ್ದರೆ ಎಂದು ನಾನು ದಂಗಾಗಿ ಯೋಚಿಸಿದೆ. ಆದರೆ ಇದ್ದರೂ ಕೂಸು ಉಳಿಯುತ್ತಿರಲಿಲ್ಲ. ತಪ್ಪು ಹೊರಿಸಲು ಬೇರೆ ಏನನ್ನಾದರೂ ಹುಡುಕುತ್ತಿದ್ದರು. ಆ ಅಂಟೂ ಸೆಕೆಗೆ ಬಿಟ್ಟುಕೊಂಡಿತು. ನಾನು ಬಿದ್ದೆ, ಕೆಳಗಿನ ಹಲಗೆ ಮುರಿಯಿತು, ಗಿಲಕಿಯ ಹಲಗೆ.

ಅವನು ನನ್ನನ್ನೂ ಬಾಳವ್ವನ ಫೋಟೊವನ್ನೂ ಕಿತ್ತಿಟ್ಟ ಮೊಳೆಗಳನ್ನೂ ಒಟ್ಟಿಗೇ ಗುಜರಿಗೆ ಹಾಕಿದ, ಈಗ ಅಲ್ಲಿದ್ದೇನೆ. ಎಲ್ಲಿಂದ ಬಂದಿದ್ದೆನೋ ಅಲ್ಲಿಗೇ ಬಂದಿದ್ದೇನೆ. ಇಲ್ಲಿನ ಗೋಡೆ ತಗಡಿನದು, ಯಾವ ಮೊಳೆಯೂ ನಿಲ್ಲುವುದಿಲ್ಲ, ಒಳ್ಳೆಯದೇ ಆಯಿತು. ಗುಜರಿಯವನು ಬಾಳವ್ವನ ಫೋಟೊದ ಗಾಜು ಬಿಚ್ಚಿಕೊಂಡ, ಕಟ್ಟನ್ನು ಬೇರೆ ಮಾಡಿದ, ಅವಳನ್ನು ರದ್ದಿಯ ರಾಶಿಗೆ ಹಾಕಿದ. ಲಾರಿ ಬಂದು ರಾಶಿಯನ್ನು ಒಯ್ದಿತು. ಆ ಎರಡು ಮೊಳೆಗಳನ್ನು ಬಡಿದು ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿದ್ದ, ಯಾರೋ ಹಿಡಿ ಮೊಳೆ ಒಯ್ಯುವಾಗ ಅವೂ ಹೋದವು. ಇನ್ನಾರ ಮನೆಯ ಗೋಡೆಯಲ್ಲೋ ಸುಮ್ಮನೆ ಏನನ್ನೋ ಹೊತ್ತುಕೊಂಡಿರುತ್ತವೆ. ಪಾಪ, ಅವು ಯಾರನ್ನೂ ಕೊಂದಿರಲಿಲ್ಲ.

ಅನಸವ್ವ ಮುಂಡರಗಿಯಲ್ಲಿ ಇನ್ನೂ ಇದ್ದಾಳೋ ಇಲ್ಲವೋ ನನಗೆ ತಿಳಿಯದು. ಇದ್ದರೆ, ಮಧ್ಯಾಹ್ನ ಯಾವುದಾದರೂ ಗೋಡೆಗೆ ಬೆನ್ನು ಕೊಟ್ಟು ಕೂತಾಗ ಒಮ್ಮೆಯಾದರೂ ಆ ಮಾತು ಬಾಯಿಗೆ ಬರುತ್ತದೇನೋ, ಯಾವಾಗ ಬಡಿದರು ಎಂದು. ಉತ್ತರ ಹೇಳಬೇಕಾದವನು ಹೋದ. ಬಚ್ಚಿಟ್ಟವಳೂ ಹೋದಳು. ನನ್ನನ್ನು ಕೇಳುವವರಿಲ್ಲ, ಕೇಳಿದರೂ ನಾನು ಮರ. ಆದರೂ ಉತ್ತರವನ್ನು ಹಾಳಾಗಲು ಬಿಟ್ಟಿಲ್ಲ, ಕುಲಾವಿಗೆಂದು ಮಾಡಿದ ಮೇಲಿನ ಹಲಗೆಯ ಮೇಲೆ ಹಾಗೇ ಇಟ್ಟುಕೊಂಡಿದ್ದೇನೆ. ಮರುದಿನ ಬಡಿದ, ಅನಸವ್ವ. ಮರುದಿನ ಮಧ್ಯಾಹ್ನ, ನೀನು ಮನೆಯಲ್ಲಿ ಇಲ್ಲದಾಗ.